ಹಡಗು ಬಿಡುವುದರೊಳಗೆ ಹಾಳು ಪಟ್ಟಣ ನೋಡಿಬರುವ ಸೂತ್ರಗಳು

ಹನಗೋಡಿನಲ್ಲಿ ಬೆಳೆದವರು ಎಲ್ಲಿಗೇ ಹೊರಟರೂ ಮೊದಲು ಕೇಳುವ ಪ್ರಶ್ನೆ ಒಂದೇ: ವಾಪಸು ಬರೋಕೆ ಕೊನೇ ಬಸ್ಸು ಎಷ್ಟೊತ್ತಿಗೆ? ಮೈಸೂರಿಗೆ ಜವಳಿ ತರಲು ಹೋಗಲಿ, ಚುಂಚನಕಟ್ಟೆ ಜಾತ್ರೆಗೆ ಹೋಗಲಿ, ಹುಣಸೂರು ಬಸ್‌ಸ್ಟ್ಯಾಂಡಿಗೆ ಹೊತ್ತಿಗೆ ಸರಿಯಾಗಿ ಬಂದು ಸೇರಿದರೆ ರಾತ್ರಿ ಮನೆ ಊಟ. ಇಲ್ಲದಿದ್ದರೆ ನೆಂಟರ ಮನೆ ಜಗಲಿ. ಈ ಲೆಕ್ಕ ಮೈಗೂಡಿದವರು ವಿದೇಶದ ಬಂದರಿನಲ್ಲಿ ಹಡಗಿನಿಂದ ಇಳಿದು, ಎರಡು ಸಾವಿರ ವರ್ಷದ ಪಟ್ಟಣವೊಂದನ್ನು ತಾವೇ ಹೋಗಿ ನೋಡಿ, ಹಡಗು ಬಿಡುವುದರೊಳಗೆ ಹಿಂತಿರುಗುವುದು ಖಂಡಿತ ಸಾಧ್ಯ. ನಾವು ನಾಲ್ಕು ಜನ ಅದನ್ನು ಮಾಡಿ ಬಂದಿದ್ದೇವೆ.

ಮಗಳು ಅಳಿಯಂದಿರು ಜರ್ಮನಿಯಲ್ಲಿದ್ದಾರೆ. ಒಂದು ನವೆಂಬರಿನಲ್ಲಿ ನಮ್ಮನ್ನು ಕರೆಸಿಕೊಂಡು ಏಳು ರಾತ್ರಿಯ ಹಡಗು ಹತ್ತಿಸಿದರು. ರೋಮ್ ಊರಿನ ಬಂದರು ಚಿವಿತಾವೆಕ್ಕಿಯಾದಲ್ಲಿ ಹತ್ತಿದ್ದು; ಗ್ರೀಸಿನ ಸ್ಯಾಂಟೊರಿನಿ, ಟರ್ಕಿಯ ಕುಶಾದಸಿ, ಅಥೆನ್ಸಿನ ಬಂದರು ಪಿರಾಯಸ್, ಇಟಲಿಯ ನೇಪಲ್ಸ್ ಮುಟ್ಟಿ ಮತ್ತೆ ಅಲ್ಲಿಗೇ ವಾಪಸು. ಹಡಗಿನವರೇ ಏರ್ಪಡಿಸುವ ಟೂರುಗಳಿದ್ದವು. ದುಬಾರಿ ಅನ್ನುವುದು ಒಂದು ಕಡೆಯಿರಲಿ, ನಲವತ್ತು ಜನರ ಹಿಂದೆ ಬಾವುಟ ನೋಡಿಕೊಂಡು ನಡೆಯುವುದು ನನಗೆ ಬೇಡವಾಗಿತ್ತು. ಮೂವತ್ತು ವರ್ಷ ಸಮಾಜ ಪಾಠ ಹೇಳುತ್ತಾ ಕರಿಹಲಗೆಯ ಮೇಲೆ ಅಥೆನ್ಸ್, ರೋಮ್ ಎಂದು ಬರೆದವಳು ನಾನು. ಆ ಕಲ್ಲುಗಳ ಮುಂದೆ ನನಗೆ ಬೇಕಾದಷ್ಟು ಹೊತ್ತು ನಿಲ್ಲಬೇಕಿತ್ತು. ನಿಂತೆ. ಆಗ ಕಲಿತದ್ದನ್ನು, ಹೊರಡುವ ಯೋಚನೆಯಲ್ಲಿರುವವರಿಗಾಗಿ ಇಲ್ಲಿ ಬರೆದಿಟ್ಟಿದ್ದೇನೆ.

1. ಲೆಕ್ಕವನ್ನು ಕೊನೆಯಿಂದ ಹಿಂದಕ್ಕೆ ಹಾಕಿ

ಬೆಳಿಗ್ಗೆ ಎಷ್ಟೊತ್ತಿಗೆ ಇಳಿಯುತ್ತೇವೆ ಅನ್ನುವುದರಿಂದ ಶುರುಮಾಡಿದರೆ ಇಡೀ ದಿನ ಕೈಯಲ್ಲಿದೆ ಎಂಬ ಭ್ರಮೆ ಹುಟ್ಟುತ್ತದೆ. ಹಡಗು ಬಿಡುವ ಹೊತ್ತಿನಿಂದ ಹಿಂದಕ್ಕೆ ಬನ್ನಿ. ನೇಪಲ್ಸಿನಲ್ಲಿ ನಮ್ಮ ಹಡಗು ಸಂಜೆ 6ಕ್ಕೆ ಹೊರಡುವುದಿತ್ತು. ಆದರೆ ಎಲ್ಲರೂ ಹತ್ತಿರಬೇಕಾದ ಹೊತ್ತು 5.30. ಹಡಗು ಬಿಡುವ ಹೊತ್ತು, ಹತ್ತುವ ಗಡುವು ಬೇರೆಬೇರೆ. ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಅಂತರವಿರುತ್ತದೆ. ಗಡುವು ಮುಗಿದರೆ ಏಣಿ ಎತ್ತುತ್ತಾರೆ.

5.30ರಿಂದ ಒಂದೂವರೆ ಗಂಟೆ ಕಳೆದೆವು, ಅದು ರೈಲು ಕೈಕೊಟ್ಟರೆ ಇರಲಿ ಎಂದು ಎತ್ತಿಟ್ಟದ್ದು. ಬಂತು 4 ಗಂಟೆ. ನಾವು ನೋಡಹೊರಟ ಹಾಳು ಪಟ್ಟಣ ಪಾಂಪೆಯಿಂದ ನೇಪಲ್ಸಿಗೆ ರೈಲಿನಲ್ಲಿ ಸುಮಾರು 40 ನಿಮಿಷ, ನಿಲ್ದಾಣದಿಂದ ಬಂದರಿಗೆ ಅರ್ಧ ಗಂಟೆ, ರೈಲಿಗೆ ಕಾಯುವುದು 20 ನಿಮಿಷ. ಬಂತು 2.30. ಅಂದರೆ ಎರಡೂವರೆಗೆ ನಾವು ಪಾಂಪೆಯ ಬಾಗಿಲಿನಿಂದ ಹೊರಗೆ. ಈ ಒಂದು ಅಂಕಿಯನ್ನು ಯಜಮಾನರು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡರು. ಒಳಗೆ ಏನೇ ಚೆಂದ ಕಂಡರೂ 2.30 ಕದಲಲಿಲ್ಲ.

ಹಡಗಿನ ಟೂರಿನಲ್ಲಿ ಹೋದ ಬಸ್ಸು ತಡವಾದರೆ ಹಡಗು ಕಾಯುತ್ತದೆ. ಸ್ವಂತವಾಗಿ ಹೋದವರಿಗೆ ಕಾಯುವುದಿಲ್ಲ. ಎತ್ತಿಟ್ಟ ಒಂದೂವರೆ ಗಂಟೆಯನ್ನು ದಂಡ ಅಂದುಕೊಳ್ಳಬೇಡಿ, ನಿಮ್ಮ ನೆಮ್ಮದಿಗೆ ಕೊಡುವ ಬೆಲೆ ಅದು.

2. ಹಡಗಿನ ಗಡಿಯಾರವೊಂದನ್ನೇ ನಂಬಿ

ಟರ್ಕಿ ವರ್ಷವಿಡೀ ಒಂದೇ ಸಮಯ ಪಾಲಿಸುತ್ತದೆ. ಗ್ರೀಸ್ ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತದೆ. ಹಾಗಾಗಿ ಚಳಿಗಾಲದಲ್ಲಿ ಎರಡು ದೇಶಗಳ ನಡುವೆ ಒಂದು ಗಂಟೆಯ ವ್ಯತ್ಯಾಸ. ಕುಶಾದಸಿಯ ದಡದಲ್ಲಿ ನಿಂತರೆ ಎದುರಿಗೇ ಗ್ರೀಸಿನ ಸಾಮೋಸ್ ದ್ವೀಪ ಕಾಣುತ್ತದೆ. ಅಲ್ಲಿನ ಟವರಿನ ಸಿಗ್ನಲ್ ಈಚೆ ದಡಕ್ಕೂ ಬರುತ್ತದೆ.

ಕುಶಾದಸಿ ಹತ್ತಿರದ ಹಾಳು ಪಟ್ಟಣ ಎಫೆಸಸ್ ನೋಡಿ ಬಂದು ದಡದಲ್ಲಿ ಚಹಾ ಕುಡಿಯುತ್ತಾ ಕೂತಿದ್ದೆವು. ಹಡಗು ಹತ್ತುವ ಗಡುವು 4 ಗಂಟೆ. “ಅಪ್ಪ, ಇನ್ನೂ 2.40 ಅಷ್ಟೇ, ಅಂಗಡಿ ಬೀದಿ ನೋಡ್ಕೊಂಡು ಬರೋಣ” ಅಂತ ಮಗಳು ಎದ್ದಳು. ಯಜಮಾನರು ಮುಂಗೈ ತಿರುಗಿಸಿ ನೋಡಿದರು. ಹೊಗೆಸೊಪ್ಪಿಗೆ ಒಳ್ಳೆ ರೇಟು ಸಿಕ್ಕ ವರ್ಷ ಕೊಂಡ ಎಚ್‌ಎಂಟಿ, ದಿನಾ ಬೆಳಿಗ್ಗೆ ಕೀ ಕೊಡುವ ವಾಚು. “ಇಲ್ಲ ಕಣವ್ವ, ನನ್ನ ವಾಚಲ್ಲಿ 3.40.” ಹಿಂದಿನ ರಾತ್ರಿ ಹಡಗಿನ ಗಡಿಯಾರ ನೋಡಿ ಮುಳ್ಳು ತಿರುಗಿಸಿಟ್ಟಿದ್ದರು. ಮಗಳ ಫೋನು ಸಾಮೋಸಿನ ಟವರನ್ನು ಹಿಡಿದು ಗ್ರೀಸಿನ ಸಮಯ ತೋರಿಸುತ್ತಿತ್ತು. ಚಹಾ ಅಲ್ಲೇ ಬಿಟ್ಟು ಎದ್ದೆವು. ಹಡಗಿನ ಏಣಿ ಹತ್ತುವಾಗ ಎಂಟು ನಿಮಿಷ ಬಾಕಿಯಿತ್ತು.

ನೆಟ್‌ವರ್ಕಿಗೆ ಜಗ್ಗದ ಒಂದು ಕೈಗಡಿಯಾರ ಇಟ್ಟುಕೊಳ್ಳಿ. ಇಳಿಯುವ ಮುಂಚೆ ಹಡಗಿನ ಗಡಿಯಾರಕ್ಕೆ ಹೊಂದಿಸಿ. ಹಡಗಿನವರು ಸಮಯ ಬದಲಿಸಿದ ರಾತ್ರಿ ರೂಮಿಗೆ ಕಳಿಸುವ ಹಾಳೆಯಲ್ಲಿ ಬರೆದಿರುತ್ತಾರೆ, ತಪ್ಪದೆ ಓದಿ.

3. ಒಂದು ಬಂದರಿಗೆ ಒಂದೇ ಹಾಳು ಪಟ್ಟಣ

ನೇಪಲ್ಸಿನ ಪುರಾತತ್ತ್ವ ವಸ್ತುಸಂಗ್ರಹಾಲಯದಲ್ಲಿ ಒಂದು ಪುಟ್ಟ ದಂತದ ವಿಗ್ರಹವಿದೆ. ನಮ್ಮ ದೇಶದಲ್ಲಿ ಕೆತ್ತಿದ್ದು. ಕೊರಳು, ನಡು, ಕೈಕಾಲಿನ ತುಂಬಾ ಒಡವೆ ತೊಟ್ಟ ಹೆಣ್ಣು, ಎರಡು ಪಕ್ಕದಲ್ಲೂ ಪುಟ್ಟ ಸೇವಕಿಯರು. 1938ರಲ್ಲಿ ಪಾಂಪೆಯ ಮನೆಯೊಂದರಲ್ಲಿ ಸಿಕ್ಕಿತು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಬೆಂಕಿಬೆಟ್ಟ ಸಿಡಿದು ಊರು ಬೂದಿಯಡಿ ಹೋಗುವ ಮೊದಲೇ ಅದು ಭಾರತದಿಂದ ಅಲ್ಲಿಗೆ ತಲುಪಿತ್ತು. ಪಾಂಪೆಯ ಲಕ್ಷ್ಮಿ ಅಂತ ಹೆಸರಾಗಿದೆ. ಯಕ್ಷಿ ಇರಬಹುದು ಅನ್ನುವವರೂ ಇದ್ದಾರೆ. ಅವಳನ್ನು ನೋಡಬೇಕೆಂಬ ಆಸೆ ನನಗೆ ಬೆಟ್ಟದಷ್ಟಿತ್ತು. ಬಂದರಿನ ಪಕ್ಕದ ಮುನಿಚಿಪಿಯೊ ನಿಲ್ದಾಣದಿಂದ ಮೆಟ್ರೊ ಹತ್ತಿದರೆ ಮ್ಯೂಜಿಯಂ ಬಲು ಹತ್ತಿರ.

ಪಾಂಪೆಯನ್ನೂ ಅವಳನ್ನೂ ಒಂದೇ ದಿನ ನೋಡಹೊರಟರೆ ಎರಡೂ ಅರ್ಧಂಬರ್ಧ. ಹಡಗಿನಲ್ಲಿ ರಾತ್ರಿಯೆಲ್ಲ ಯೋಚಿಸಿ ಪಾಂಪೆ ಎಂದು ತೀರ್ಮಾನಿಸಿದೆ, ಲಕ್ಷ್ಮಿಯನ್ನು ಬಿಟ್ಟೆ. ಇವತ್ತಿಗೂ ಅದೊಂದು ನೋವು ಇದೆ. ಆದರೂ ತೀರ್ಮಾನ ಸರಿ. ನಿಮಗೆ ನಡೆಯುವುದು ಕಷ್ಟವಾದರೆ ಲಕ್ಷ್ಮಿಯನ್ನೇ ಆರಿಸಿ. ಮಂಗಳವಾರ ಮ್ಯೂಜಿಯಂಗೆ ರಜೆ ಅನ್ನುವುದು ನೆನಪಿರಲಿ. ಇನ್ನೂ ಒಂದು ದಾರಿಯಿದೆ: ಅದೇ ರೈಲಿನಲ್ಲಿ ಪಾಂಪೆಗಿಂತ ಮೊದಲು ಸಿಗುವ ಎರ್ಕೊಲಾನೊದಲ್ಲಿ ಇಳಿದರೆ ಹರ್ಕ್ಯುಲೇನಿಯಂ. ಅದೇ ಬೆಂಕಿಬೆಟ್ಟಕ್ಕೆ ಸಿಕ್ಕಿದ ಊರು, ಪಾಂಪೆಗಿಂತ ಎಷ್ಟೋ ಚಿಕ್ಕದು. ಮೂರು ಗಂಟೆ ಮಾತ್ರ ಇದ್ದವರಿಗೆ ಅದೇ ಲೇಸು.

4. ವೀಸಾದಲ್ಲಿ ಎಷ್ಟು ಸಲ ಒಳಗೆ ಬರಬಹುದು ಅನ್ನುವುದನ್ನು ನೋಡಿ

ನಮ್ಮ ಪಾಸ್‌ಪೋರ್ಟಿನವರಿಗೆ ಇಟಲಿ, ಗ್ರೀಸ್ ಎರಡಕ್ಕೂ ಷೆಂಗೆನ್ ವೀಸಾ ಬೇಕು. ಇಟಲಿಯಲ್ಲಿ ಹತ್ತಿ, ಟರ್ಕಿಗೆ ಹೋಗಿ, ಮತ್ತೆ ಗ್ರೀಸಿಗೆ ಬಂದರೆ ಎರಡನೇ ಸಲ ಒಳಗೆ ಬಂದ ಹಾಗೆ. ಒಂದೇ ಪ್ರವೇಶದ ವೀಸಾ ಸಾಲದು, ಹಲವು ಪ್ರವೇಶದ್ದು ಕೇಳಿ ತೆಗೆಯಿರಿ. ಟರ್ಕಿಯ ನಿಯಮವೇ ಬೇರೆ, ಟಿಕೆಟ್ಟಿಗೆ ದುಡ್ಡು ಕಟ್ಟುವ ಮುಂಚೆಯೇ ವಿಚಾರಿಸಿ. ಕೆಲವು ಹಡಗುಗಳಲ್ಲಿ ಪಾಸ್‌ಪೋರ್ಟನ್ನು ಅವರೇ ಇಟ್ಟುಕೊಳ್ಳುತ್ತಾರೆ. ಅದರ ಜೆರಾಕ್ಸ್ ಒಂದು ನಿಮ್ಮ ಚೀಲದಲ್ಲಿರಲಿ, ಫೋಟೊ ಒಂದು ಫೋನಿನಲ್ಲಿರಲಿ.

5. ಟಿಕೆಟ್ ಮನೆಯಲ್ಲಿ ಕೂತೇ ತೆಗೆಯಿರಿ

ಅಥೆನ್ಸಿನ ಅಕ್ರೊಪೊಲಿಸ್‌ಗೆ ಈಗ ಗಂಟೆಯ ಲೆಕ್ಕದಲ್ಲಿ ಟಿಕೆಟ್. ನೀವು ಆರಿಸಿದ ಹೊತ್ತಿಗೇ ಬಾಗಿಲಲ್ಲಿರಬೇಕು. 2025ರ ಏಪ್ರಿಲಿನಿಂದ ದರ 30 ಯೂರೊ. ಪಾಂಪೆಯಲ್ಲಿ 2024ರ ನವೆಂಬರಿನಿಂದ ದಿನಕ್ಕೆ 20,000 ಜನಕ್ಕೆ ಮಾತ್ರ ಪ್ರವೇಶ. ಟಿಕೆಟ್ಟಿನ ಮೇಲೆ ನಿಮ್ಮ ಹೆಸರಿರುತ್ತದೆ. ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಬರೆಸಿ. ನಮ್ಮ ಕಡೆ ಇನಿಶಿಯಲ್ ಒಂದು ಕಡೆ ಹಿಂದೆ, ಒಂದು ಕಡೆ ಮುಂದೆ ಬರೆದುಕೊಂಡು ಬಿಡುತ್ತೇವೆ, ಅಲ್ಲಿ ಅದೇ ತಕರಾರಾಗುತ್ತದೆ.

ಹಡಗು ದಡ ಮುಟ್ಟಿದ ತಕ್ಷಣದ ಹೊತ್ತಿಗೆ ಟಿಕೆಟ್ ತೆಗೆಯಬೇಡಿ. ಕನಿಷ್ಠ ಎರಡು ಗಂಟೆ ಬಿಡಿ. ಇನ್ನೊಂದು ಮಾತು: ತಿಂಗಳ ಮೊದಲ ಭಾನುವಾರ ಪಾಂಪೆಗೆ ಉಚಿತ ಪ್ರವೇಶ. ದುಡ್ಡು ಉಳಿಯುತ್ತದೆ, ಹೊತ್ತು ಸರದಿ ಸಾಲಿನಲ್ಲಿ ಹೋಗುತ್ತದೆ. ಅವಸರದ ಪ್ರಯಾಣಿಕರಿಗೆ ಅದು ಲಾಭವಲ್ಲ.

6. ಬಂದರೇ ಬೇರೆ, ಊರೇ ಬೇರೆ

ಟಿಕೆಟ್ಟಿನಲ್ಲಿ ರೋಮ್ ಅಂತ ಬರೆದಿರುತ್ತದೆ, ಹಡಗು ನಿಲ್ಲುವ ಚಿವಿತಾವೆಕ್ಕಿಯಾ ರೋಮಿನಿಂದ 70 ಕಿ.ಮೀ. ದೂರ. ಅಥೆನ್ಸ್ ಅಂತ ಬರೆದಿರುತ್ತದೆ, ಇಳಿಸುವುದು ಪಿರಾಯಸ್‌ನಲ್ಲಿ. ಅಲ್ಲಿಯೂ ಹಡಗು ನಿಲ್ಲುವ ಕಟ್ಟೆಯಿಂದ ಮೆಟ್ರೊ ನಿಲ್ದಾಣಕ್ಕೆ ಒಳ್ಳೇ ನಡಿಗೆ ಇದೆ, ಬಸ್ಸೋ ಟ್ಯಾಕ್ಸಿಯೋ ಬೇಕು. ಮೆಟ್ರೊ ಹತ್ತಿದ ಮೇಲೆ ಸಲೀಸು: ಹಸಿರು ಗೆರೆಯ ರೈಲು ಅರ್ಧ ಗಂಟೆಯೊಳಗೆ ಮೊನಾಸ್ಟಿರಾಕಿಗೆ ಬಿಡುತ್ತದೆ, ತಲೆಯೆತ್ತಿದರೆ ಬೆಟ್ಟದ ಮೇಲೆ ಅಕ್ರೊಪೊಲಿಸ್.

7. ಹೋಗುವಾಗ ಅಲ್ಲಿನವರ ಹಾಗೆ, ಬರುವಾಗ ಖಚಿತವಾಗಿ

ಕುಶಾದಸಿಯಿಂದ ಎಫೆಸಸ್‌ಗೆ 20 ಕಿ.ಮೀ. ಆಸುಪಾಸು. ಸೆಲ್ಚುಕ್ ಊರಿಗೆ ಹೋಗುವ ಪುಟ್ಟ ವ್ಯಾನುಗಳಿವೆ, ದೋಲ್ಮುಶ್ ಅಂತ ಕರೆಯುತ್ತಾರೆ. ಆ ಮಾತಿಗೆ ‘ತುಂಬಿದ್ದು’ ಎಂದು ಅರ್ಥವಂತೆ. ನನಗೆ ಹುಣಸೂರಿನ ಟೆಂಪೊಗಳೇ ಕಣ್ಣ ಮುಂದೆ ಬಂದವು. ಜನ ತುಂಬಿದರೆ ಹೊರಡುತ್ತದೆ, ಕೈ ಅಡ್ಡ ಹಿಡಿದ ಕಡೆ ನಿಲ್ಲುತ್ತದೆ, ಹಿಂದಿನ ಸೀಟಿನವರು ಕೊಟ್ಟ ದುಡ್ಡು ಕೈಯಿಂದ ಕೈಗೆ ಡ್ರೈವರಿಗೆ ಹೋಗುತ್ತದೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ ನನ್ನ ಸೀರೆಯ ಸೆರಗನ್ನು ಮುಟ್ಟಿ ನೋಡಿ ನಕ್ಕರು. ಇಳಿಯುವ ಜಾಗವನ್ನು ಕೈಸನ್ನೆಯಲ್ಲೇ ತೋರಿಸಿದ್ದೂ ಅವರೇ.

ಬರುವಾಗ ಟ್ಯಾಕ್ಸಿ ಹಿಡಿದೆವು. ಹೋಗುವುದು ಅರ್ಧ ಗಂಟೆ ತಡವಾದರೆ ಒಂದಷ್ಟು ಕಲ್ಲು ನೋಡುವುದು ತಪ್ಪುತ್ತದೆ, ಬರುವುದು ತಡವಾದರೆ ಹಡಗೇ ತಪ್ಪುತ್ತದೆ. ಟ್ಯಾಕ್ಸಿ ಹತ್ತುವ ಮೊದಲೇ ಬಾಡಿಗೆ ಮಾತಾಡಿ, ಅಂಕಿಯನ್ನು ಕಾಗದದ ಮೇಲೆ ಬರೆದು ತೋರಿಸಿ.

ನೇಪಲ್ಸಿನಲ್ಲಿ ಗರಿಬಾಲ್ಡಿ ನಿಲ್ದಾಣದ ಕೆಳಗಿನಿಂದ ಚಿರ್ಕುಮ್‌ವೆಸುವಿಯಾನ ರೈಲು. ಸೊರೆಂಟೊ ಕಡೆಗೆ ಹೋಗುವುದನ್ನು ಹತ್ತಿ, ‘ಪಾಂಪೆ ಸ್ಕಾವಿ - ವಿಲ್ಲಾ ದೇಯ್ ಮಿಸ್ತೇರಿ’ ಎಂಬ ನಿಲ್ದಾಣದಲ್ಲಿ ಇಳಿಯಿರಿ. ಬರೀ ‘ಪಾಂಪೆ’ ಎಂಬ ನಿಲ್ದಾಣ ಇನ್ನೊಂದು ಮಾರ್ಗದ್ದು, ಹೊಸ ಊರಿನದು. ಈ ರೈಲು, ಅಥೆನ್ಸಿನ ಮೆಟ್ರೊ ಎರಡರಲ್ಲೂ ಜೇಬುಗಳ್ಳರ ಕಾಟ ಹೆಚ್ಚು. ಚೀಲ ಎದೆಗೆ ಅವಚಿಕೊಂಡು ನಿಲ್ಲಿ.

8. ಬೆಟ್ಟದಪುರ ಹತ್ತಿ ಮಂಡಿಯನ್ನು ಪರೀಕ್ಷಿಸಿ

ಹೊರಡುವ ಎರಡು ತಿಂಗಳ ಮೊದಲು ಮಗಳು ಫೋನಿನಲ್ಲಿ “ಅಮ್ಮ, ನಿಂಗೆ ಎಷ್ಟು ನಡೆಯೋಕಾಗುತ್ತೆ?” ಅಂತ ಕೇಳಿದಳು. ಉತ್ತರ ನನಗೂ ಗೊತ್ತಿರಲಿಲ್ಲ. ಹನಗೋಡಿನಿಂದ ಹುಣಸೂರು, ಅಲ್ಲಿಂದ ಬೆಟ್ಟದಪುರ. ಸಿಡಿಲು ಮಲ್ಲಿಕಾರ್ಜುನ ಸ್ವಾಮಿ ಬೆಟ್ಟಕ್ಕೆ ಮೂರು ಸಾವಿರಕ್ಕೂ ಮಿಕ್ಕಿ ಮೆಟ್ಟಿಲು. ಮೊದಲ ವಾರ ಅರ್ಧಕ್ಕೇ ಕೂತೆ. ನಾಲ್ಕನೇ ವಾರ ಮೇಲೆ ಹೋಗಿ ಕರ್ಪೂರ ಹಚ್ಚಿ ಇಳಿದೆ. ಅಷ್ಟಾದ ಮೇಲೆ ಅಕ್ರೊಪೊಲಿಸ್ ಏರು ಏನೂ ಅನ್ನಿಸಲಿಲ್ಲ.

ಚಪ್ಪಲಿ ಬೇಡ, ಹಿಡಿತವಿರುವ ಶೂ ಬೇಕೇ ಬೇಕು. ಕೋಟ್ಯಂತರ ಕಾಲು ಉಜ್ಜಿದ ಅಮೃತಶಿಲೆ ಎಣ್ಣೆ ಸವರಿದ ಹಾಗೆ ಜಾರುತ್ತದೆ. ಸೀರೆಯನ್ನು ಎರಡು ಬೆರಳು ಮೇಲಕ್ಕೇ ಉಡಿ. ನಡೆಯಲಾಗದವರಿಗೆ ಅಕ್ರೊಪೊಲಿಸ್‌ನಲ್ಲಿ 2020ರಿಂದ ಹೊಸ ಲಿಫ್ಟ್ ಇದೆ, ಅದನ್ನು ಕೇಳಿ ಪಡೆಯಲು ಸಂಕೋಚ ಬೇಡ.

9. ಎಫೆಸಸ್ ಅನ್ನು ಮೇಲಿನ ಬಾಗಿಲಿನಿಂದ ಹೊಕ್ಕು ಕೆಳಕ್ಕೆ ಇಳಿಯಿರಿ

ಎರಡು ಬಾಗಿಲಿವೆ. ದೋಲ್ಮುಶ್ ಬಿಡುವುದು ಕೆಳಗಿನದಕ್ಕೆ ಹತ್ತಿರ. ಅಲ್ಲಿಂದ ಒಂದು ಟ್ಯಾಕ್ಸಿ ಹಿಡಿದು ಮೇಲಿನದಕ್ಕೆ ಹೋಗಿ. ಆಗ ಇಡೀ ಊರು ಇಳಿಜಾರಿನಲ್ಲಿ ನಿಮ್ಮ ಮುಂದೆ ಬಿಚ್ಚಿಕೊಳ್ಳುತ್ತದೆ. ಬೀದಿಯ ಕೊನೆಯಲ್ಲಿ ಸೆಲ್ಸಸ್ ಗ್ರಂಥಾಲಯದ ಎರಡು ಅಂತಸ್ತಿನ ಮುಂಗೋಡೆ. ತೀರಿಕೊಂಡ ತಂದೆಯ ನೆನಪಿಗೆ ಮಗ ಕಟ್ಟಿಸಿದ್ದು, ತಂದೆಯ ಸಮಾಧಿಯೂ ಅದರಡಿಯಲ್ಲೇ. ಬಿದ್ದಿದ್ದ ಚೂರುಗಳನ್ನು ಹೊಂದಿಸಿ ಈ ಗೋಡೆಯನ್ನು ಮತ್ತೆ ನಿಲ್ಲಿಸಿದ್ದು 1970ರ ದಶಕದಲ್ಲಿ, ಆಸ್ಟ್ರಿಯಾದ ತಜ್ಞರು. ಮುಂದೆ ಸುಮಾರು 25,000 ಜನ ಕೂರಬಹುದಾಗಿದ್ದ ಬಯಲು ರಂಗಮಂದಿರ.

ಅಲ್ಲಿಂದ ನೇರ ದಾರಿ ಹಳೆಯ ಬಂದರಿಗೆ ಹೋಗುತ್ತದೆ. ಬಂದರು ಅಂದರೆ ಈಗ ಹುಲ್ಲು, ಜೌಗು. ನದಿ ತಂದು ಸುರಿದ ಹೂಳಿನಿಂದ ಸಮುದ್ರವೇ ಕಿಲೋಮೀಟರುಗಟ್ಟಲೆ ಹಿಂದೆ ಸರಿದು, ಹಡಗು ಬರುವುದು ನಿಂತು, ಊರು ಪಾಳು ಬಿತ್ತು. ಎಫೆಸಸ್ಸನ್ನು ಕೊಂದದ್ದು ಹೂಳು. ನಮ್ಮ ಲಕ್ಷ್ಮಣತೀರ್ಥದ ಹನಗೋಡು ಅಣೆಕಟ್ಟೆಯ ನಾಲೆಗಳಲ್ಲಿ ಹೂಳೆತ್ತಿಲ್ಲ ಎಂದು ರೈತರು ಕೂಗುವುದನ್ನು ಕೇಳುತ್ತಲೇ ಬೆಳೆದ ನನಗೆ, ಆ ಜೌಗಿನ ಮುಂದೆ ಮಾತೇ ಹೊರಡಲಿಲ್ಲ.

ಬೀದಿಯ ಹಾಸುಗಲ್ಲಿನ ಮೇಲೆ ಆಟದ ಮನೆಗಳನ್ನು ಕೊರೆದಿದ್ದಾರೆ, ಹುಡುಕಿ ನೋಡಿ. ನಮ್ಮ ದೇವಸ್ಥಾನಗಳ ಮಂಟಪದಲ್ಲಿ ಹುಲಿ-ಕುರಿ ಆಟದ ಗೆರೆ ಇರುವುದಿಲ್ಲವೇ, ಹಾಗೇ. ಹೊತ್ತು ಕಡಿಮೆಯಿದ್ದರೆ ಆರ್ಟೆಮಿಸ್ ದೇವಾಲಯವನ್ನು ಬಿಟ್ಟುಬಿಡಿ. ಪ್ರಾಚೀನರ ಏಳು ಅದ್ಭುತಗಳಲ್ಲಿ ಅದೂ ಒಂದು ನಿಜ, ಈಗ ಉಳಿದಿರುವುದು ಚೂರುಗಳನ್ನು ಪೇರಿಸಿ ನಿಲ್ಲಿಸಿದ ಒಂದೇ ಒಂದು ಕಂಬ.

10. ಒಳಗೆ ಹೋದ ಮೇಲೆ ಮೂರೇ ಮೂರು ಜಾಗ ಆರಿಸಿಕೊಳ್ಳಿ

ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕಾದ ಸೂತ್ರ ಇದು. ಪಾಂಪೆ ಒಂದು ಇಡೀ ಊರು. 1748ರಿಂದ ಅಗೆಯುತ್ತಿದ್ದಾರೆ, ಇನ್ನೂ ಮೂರರಲ್ಲಿ ಒಂದು ಪಾಲು ಮಣ್ಣಿನಡಿಯಲ್ಲೇ ಇದೆ. ಎಲ್ಲವನ್ನೂ ನೋಡಿಬಿಡುವ ಹಟಕ್ಕೆ ಬಿದ್ದವರು ಕೊನೆಗೆ ಗೋಡೆ, ಗೋಡೆ, ಮತ್ತೂ ಗೋಡೆ ನೋಡಿ ಬರುತ್ತಾರೆ. ನಾನು ಮುಂಚೆಯೇ ಮೂರು ಬರೆದುಕೊಂಡಿದ್ದೆ: ಒಂದು ಬೀದಿ, ಒಂದು ಅಂಗಡಿ, ಒಂದು ಬೇಕರಿ.

ಬೀದಿಗೆ ಹಾಸಿರುವುದು ಬೆಂಕಿಬೆಟ್ಟದ ಕಪ್ಪು ಕಲ್ಲು. ಅದರ ಮೇಲೆ ಗಾಡಿ ಚಕ್ರದ ಜಾಡು. ಮಣ್ಣಿನಲ್ಲಿ ಅಲ್ಲ, ಕಲ್ಲಿನಲ್ಲಿ. ಬಗ್ಗಿ ಬೆರಳು ಇಟ್ಟೆ, ನಾಲ್ಕು ಬೆರಳು ಒಳಗೆ ಹೋಯಿತು. ಕಬ್ಬಿಣದ ಪಟ್ಟಿ ಹೊಡೆದ ಚಕ್ರ ದಿನಾ ಅದೇ ಗೆರೆಯಲ್ಲಿ ಉರುಳಿ ಉರುಳಿ ಸವೆದದ್ದು. ಬೀದಿ ದಾಟಲು ನಡುವೆ ಎತ್ತರದ ಕಲ್ಲುಗಳು, ಆ ಕಲ್ಲುಗಳ ನಡುವೆ ಸರಿಯಾಗಿ ಚಕ್ರ ಹೋಗುವಷ್ಟೇ ಸಂದು. ನಾನು ಚಿಕ್ಕವಳಾಗಿದ್ದಾಗ ಮಳೆಗಾಲದಲ್ಲಿ ನಮ್ಮೂರ ದಾರಿಯಲ್ಲಿ ಎತ್ತಿನಗಾಡಿಯ ಜಾಡಿನೊಳಗೆ ಕಾಲಿಟ್ಟುಕೊಂಡು ಶಾಲೆಗೆ ಹೋಗುತ್ತಿದ್ದೆ. ಜಾಡು ಬಿಟ್ಟರೆ ಕೆಸರು. ಅಲ್ಲಿಯೂ ಹಾಗೇ ಒಂದು ಮಗು ನಡೆದಿರಬೇಕು ಅನ್ನಿಸಿ ಅರ್ಧ ಗಂಟೆ ಆ ಬೀದಿ ಬಿಟ್ಟು ಕದಲಲಿಲ್ಲ.

ಅಂಗಡಿ ಅಂದರೆ ಊಟದ ಅಂಗಡಿ. ಬೀದಿಗೆ ಮುಖಮಾಡಿದ ಕಲ್ಲುಗಾರೆಯ ಕಟ್ಟೆ, ಕಟ್ಟೆಯೊಳಗೆ ಕತ್ತಿನವರೆಗೆ ಹೂತ ಗುಡಾಣಗಳು. ಮೇಲಿನಿಂದ ಬರೀ ದುಂಡನೆ ಬಾಯಿ ಕಾಣುತ್ತದೆ. ಇಂಥವು ಊರಿನಲ್ಲಿ ಹತ್ತಾರು ಇವೆ. ಅದರಲ್ಲಿ ಒಂದರ ಕಟ್ಟೆಯ ಮೇಲೆ ಕೋಳಿ, ಬಾತುಕೋಳಿಯ ಬಣ್ಣದ ಚಿತ್ರಗಳು ಹಾಗೇ ಉಳಿದಿವೆ. 2021ರಿಂದ ಜನರಿಗೆ ತೆರೆದಿದ್ದಾರೆ.

ಬೇಕರಿಯ ಅಂಗಳದಲ್ಲಿ ನಾಲ್ಕು ಬೀಸುವ ಕಲ್ಲು. ಕೆಳಗಿನದು ಗೋಪುರದ ಹಾಗೆ ಚೂಪು, ಮೇಲಿನದು ಸೊಂಟ ಹಿಡಿದ ಡಮರುವಿನ ಹಾಗೆ. ಕತ್ತೆ ಕಟ್ಟಿ ತಿರುಗಿಸುತ್ತಿದ್ದರಂತೆ. ಪಕ್ಕದಲ್ಲೇ ಒಲೆಯ ಗೂಡು. ಇನ್ನೊಂದು ಬೇಕರಿಯಲ್ಲಿ 1862ರಲ್ಲಿ ಅಗೆದಾಗ ಒಲೆಯೊಳಗೆ 81 ರೊಟ್ಟಿ ಕರಿಕಲಾಗಿ ಸಿಕ್ಕವು, ಎಂಟು ಪಾಲು ಮುರಿದುಕೊಳ್ಳಲು ಗೆರೆ ಹಾಕಿದ ದುಂಡನೆ ರೊಟ್ಟಿ. ಯಾರೋ ಬೆಳಿಗ್ಗೆ ಹಿಟ್ಟು ಕಲಸಿದ್ದಾರೆ, ಗೆರೆ ಎಳೆದಿದ್ದಾರೆ, ಒಲೆಗೆ ಇಟ್ಟಿದ್ದಾರೆ. ತೆಗೆಯುವ ಹೊತ್ತಿಗೆ ಆಕಾಶದಿಂದ ಕಲ್ಲು ಬಿದ್ದಿದೆ. ನಮ್ಮ ಅತ್ತೆ ರಾಗಿ ಬೀಸುತ್ತಿದ್ದ ಕಲ್ಲು ಈಗಲೂ ನಮ್ಮ ಹಿತ್ತಲಿನಲ್ಲಿದೆ. ಆ ಅಂಗಳದಲ್ಲಿ ನಿಂತು ನಾನು ಅತ್ತದ್ದು ನಿಜ.

ಈ ಮೂರಕ್ಕೆ ಎರಡೂವರೆ ಗಂಟೆ ಹಿಡಿಯಿತು. ಉಳಿದದ್ದನ್ನೆಲ್ಲ ದಾರಿಯಲ್ಲಿ ಕಂಡಷ್ಟು ನೋಡಿದೆವು.

11. ಕೈಚೀಲ ಚಿಕ್ಕದಾಗಿರಲಿ

ಪಾಂಪೆಯಲ್ಲಿ 30 ಸೆಂ.ಮೀ. ಉದ್ದ, 30 ಅಗಲ, 15 ದಪ್ಪಕ್ಕಿಂತ ದೊಡ್ಡ ಚೀಲವನ್ನು ಒಳಗೆ ಬಿಡುವುದಿಲ್ಲ. ನೀರಿನ ಬಾಟಲಿ, ಹಡಗಿನ ಕಾರ್ಡು, ಪಾಸ್‌ಪೋರ್ಟಿನ ಜೆರಾಕ್ಸ್, ಮಾತ್ರೆ, ಟೋಪಿ, ಸ್ವಲ್ಪ ಯೂರೊ ಚಿಲ್ಲರೆ: ಇಷ್ಟು ಸಾಕು. ಪಾಂಪೆಯಲ್ಲಿ ಬೀದಿಗಳಲ್ಲೇ ಕುಡಿಯುವ ನೀರಿನ ನಲ್ಲಿಗಳಿವೆ, ಬಾಟಲಿ ತುಂಬಿಸಿಕೊಳ್ಳಬಹುದು. ಹಡಗಿನ ಊಟದ ಮನೆಯಿಂದ ಹಣ್ಣು, ಬೇಯಿಸಿದ ತಿಂಡಿ ಕಟ್ಟಿಕೊಂಡು ಇಳಿಯಲು ಬಹಳ ಬಂದರುಗಳಲ್ಲಿ ಬಿಡುವುದಿಲ್ಲ. ಪ್ಯಾಕೆಟ್ ಒಡೆಯದ ಬಿಸ್ಕತ್ತು ಇಟ್ಟುಕೊಳ್ಳಿ.

ಹಡಗಿನ ಮೇಲೆ ಫೋನನ್ನು ಏರೋಪ್ಲೇನ್ ಮೋಡಿನಲ್ಲಿಡಿ. ನಡುಸಮುದ್ರದಲ್ಲಿ ಹಡಗಿನದೇ ನೆಟ್‌ವರ್ಕಿಗೆ ಸೇರಿಕೊಂಡರೆ ಬಿಲ್ಲು ಸಾವಿರಗಟ್ಟಲೆ ಬರಬಹುದು. ನಕ್ಷೆಯನ್ನು, ಟಿಕೆಟ್ಟನ್ನು ಮುಂಚೆಯೇ ಫೋನಿಗೆ ಇಳಿಸಿಕೊಳ್ಳಿ. ಕಾಗದದ ಮೇಲೂ ಒಂದು ಪ್ರತಿ ಇರಲಿ.

12. ಎಲ್ಲಿ ಸ್ವಂತವಾಗಿ ಹೋಗಬಾರದು ಅನ್ನುವುದೂ ಗೊತ್ತಿರಲಿ

ಸ್ಯಾಂಟೊರಿನಿಯಲ್ಲಿ ಹಡಗು ದಡಕ್ಕೆ ಬರುವುದಿಲ್ಲ. ನಡುನೀರಿನಲ್ಲಿ ಲಂಗರು ಹಾಕಿ, ಚಿಕ್ಕ ದೋಣಿಗಳಲ್ಲಿ ಸರದಿಯ ಮೇಲೆ ಇಳಿಸುತ್ತಾರೆ. ಆಮೇಲೆ ಮೇಲೆ ಹತ್ತಲು ಕೇಬಲ್ ಕಾರಿನ ಸಾಲು. ಹೋಗುವಾಗ ಒಂದು ಸಾಲು, ಬರುವಾಗ ಇನ್ನೂ ಉದ್ದದ ಸಾಲು. ಇಂಥ ಕಡೆ ದೂರದ ಹಾಳು ಪಟ್ಟಣದ ಆಸೆ ಬೇಡ. ನಾವು ಮೇಲೆ ಹೋಗಿ ಕಾಫಿ ಕುಡಿದು ಸಮುದ್ರ ನೋಡಿ ಬಂದೆವು.

ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಂದರಿನಿಂದ ಪಿರಮಿಡ್ಡಿಗೆ 200 ಕಿ.ಮೀ.ಗೂ ಹೆಚ್ಚು. ಅಲ್ಲಿಗೆ ಹೋಗಲೇಬೇಕೆಂದರೆ ಹಡಗಿನ ಟೂರಿಗೇ ದುಡ್ಡು ಕೊಡಿ, ಎರಡನೇ ಯೋಚನೆ ಬೇಡ. ಸ್ವಂತವಾಗಿ ನೋಡುವುದಾದರೆ ಅಲೆಕ್ಸಾಂಡ್ರಿಯಾದೊಳಗೇ ಕೋಮ್ ಎಲ್ ಶೊಕಾಫಾದ ನೆಲದಡಿಯ ಸಮಾಧಿಗಳಿವೆ, ಕೋಮ್ ಎಲ್ ದಿಕ್ಕಾದ ರೋಮನ್ ರಂಗಮಂದಿರವಿದೆ.

13. ಹಡಗು ತಪ್ಪಿದರೆ

ದಿನದ ಹಾಳೆಯಲ್ಲಿ ಬಂದರಿನ ಏಜೆಂಟರ ಹೆಸರು, ಫೋನ್ ನಂಬರು ಇರುತ್ತದೆ. ಇಳಿಯುವ ಮುಂಚೆ ಅದರ ಫೋಟೊ ತೆಗೆದುಕೊಳ್ಳಿ. ತಪ್ಪಿತೋ, ನೇರ ಅವರ ಬಳಿ ಹೋಗಿ. ಮುಂದಿನ ಬಂದರಿನವರೆಗೆ ನಿಮ್ಮದೇ ಖರ್ಚು. ಪ್ರಯಾಣದ ವಿಮೆ ಮಾಡಿಸುವಾಗ ಇದಕ್ಕೆ ದುಡ್ಡು ಸಿಗುತ್ತದೆಯೇ ಎಂದು ಕೇಳಿ.

14. ನಮ್ಮ ಬಂದರಿಗೆ ಬರುವವರನ್ನು ನೋಡಿ ಕಲಿಯಿರಿ

ಪಣಂಬೂರಿನ ನವ ಮಂಗಳೂರು ಬಂದರಿಗೂ ಇಂಥ ಹಡಗುಗಳು ಬರುತ್ತವೆ. ಇಳಿದವರಲ್ಲಿ ಹಲವರು ಮಂಗಳೂರಿನಿಂದ 35 ಕಿ.ಮೀ. ದೂರದ ಮೂಡುಬಿದಿರೆಗೆ, ಅಲ್ಲಿಂದ ಮುಂದೆ ಕಾರ್ಕಳಕ್ಕೆ ಹೋಗುತ್ತಾರೆ. 1430ರ ಸಾವಿರ ಕಂಬದ ಬಸದಿ, 1432ರಲ್ಲಿ ನಿಲ್ಲಿಸಿದ ಬಾಹುಬಲಿ. ಧರ್ಮಸ್ಥಳಕ್ಕೆ ಹೋಗಿ ಬರುವಾಗ ಒಮ್ಮೆ ಬಸದಿಯಲ್ಲಿ ಕೊರಳಿಗೆ ಹಡಗಿನ ಕಾರ್ಡು ತೂಗುಹಾಕಿಕೊಂಡ ವಯಸ್ಸಾದ ಗಂಡ ಹೆಂಡತಿಯನ್ನು ಕಂಡೆ. ಬೇರೆಯವರೆಲ್ಲ ಫೋಟೊಗೆ ಓಡಾಡುತ್ತಿದ್ದರೆ ಅವರಿಬ್ಬರು ಒಂದೇ ಕಂಬದ ಮುಂದೆ ಕೂತು ನೋಟ್‌ಬುಕ್ಕಿನಲ್ಲಿ ಅದರ ಚಿತ್ರ ಬರೆಯುತ್ತಿದ್ದರು. ಒಂದು ಕಂಬಕ್ಕೂ ಇನ್ನೊಂದಕ್ಕೂ ಕೆತ್ತನೆ ಬೇರೆ ಅನ್ನುವುದನ್ನು ನನಗೆ ತೋರಿಸಿಕೊಟ್ಟದ್ದು ಅವರು. ಮೂರೇ ಜಾಗ ಆರಿಸಿ ಅನ್ನುವ ನನ್ನ ಸೂತ್ರದ ಮೂಲವೂ ಅಲ್ಲೇ.

15. ಹೋಗುವ ಊರಿಗೂ ನಿಮ್ಮೂರಿಗೂ ನಂಟು ಹುಡುಕಿಕೊಂಡು ಹೋಗಿ

ಅಲೆಕ್ಸಾಂಡ್ರಿಯಾದಲ್ಲಿ ಎರಡನೇ ಶತಮಾನದಲ್ಲಿ ಟಾಲೆಮಿ ಎಂಬ ಪಂಡಿತನಿದ್ದ. ಹಡಗಿನವರು, ವರ್ತಕರು ಹೇಳಿದ್ದನ್ನೆಲ್ಲ ಕೂಡಿಸಿ ಲೋಕದ ಭೂಗೋಳ ಬರೆದ. ಅದರಲ್ಲಿ ಪಚ್ಚೆಯ ಜಾತಿಗೆ ಸೇರಿದ ಬೆರಿಲ್ ಕಲ್ಲು ಸಿಗುವ ಪೌನ್ನಾಟ ಎಂಬ ಜಾಗದ ಹೆಸರಿದೆ. ಅದು ನಮ್ಮ ಪುನ್ನಾಟವೇ ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಪುನ್ನಾಟದ ರಾಜಧಾನಿ ಕೀರ್ತಿಪುರ, ಅಂದರೆ ಎಚ್.ಡಿ. ಕೋಟೆ ತಾಲ್ಲೂಕಿನ, ಕಪಿಲೆಯ ದಡದ ಕಿತ್ತೂರು. ಹನಗೋಡಿನಿಂದ ಪಕ್ಕದ ತಾಲ್ಲೂಕು! ಹಳೆಯ ಕಿತ್ತೂರು ಕಬಿನಿ ಜಲಾಶಯ ಕಟ್ಟಿದಾಗ ಹಿನ್ನೀರಿನಲ್ಲಿ ಮುಳುಗಿತು. ಪಾಂಪೆ ಬೂದಿಯಡಿ, ಎಫೆಸಸ್ ಬಂದರು ಹೂಳಿನಡಿ, ಕಿತ್ತೂರು ನೀರಿನಡಿ.

ಇದನ್ನು ನಾನು ಹಡಗಿನಲ್ಲಿ ಕೊನೆಯ ರಾತ್ರಿ ಅಳಿಯಂದಿರಿಗೆ ಹೇಳಿದೆ. ಅವರು ಹುಟ್ಟಿ ಬೆಳೆದದ್ದು ಎಚ್.ಡಿ. ಕೋಟೆಯಲ್ಲೇ. “ಅತ್ತೆ, ನಾನು ಆ ಹಿನ್ನೀರಿನಲ್ಲಿ ಈಜಾಡಿದ್ದೀನಿ, ಕೆಳಗೆ ರಾಜಧಾನಿ ಇತ್ತು ಅಂತ ಯಾರೂ ಹೇಳಿರಲಿಲ್ಲ” ಅಂದರು. ಬೇಸಿಗೆಗೆ ಅವರು ಊರಿಗೆ ಬಂದಾಗ ಹಿನ್ನೀರಿನ ದಡಕ್ಕೆ ಹೋಗುವುದು ಎಂದು ಗೊತ್ತುಮಾಡಿದ್ದೇವೆ. ವಾಪಸು ಬರೋಕೆ ಎಚ್.ಡಿ. ಕೋಟೆಯಿಂದ ಹುಣಸೂರಿಗೆ ಕೊನೇ ಬಸ್ಸು ಎಷ್ಟೊತ್ತಿಗೆ ಅಂತ ಯಜಮಾನರು ಈಗಲೇ ವಿಚಾರಿಸಿಟ್ಟಿದ್ದಾರೆ.